ಎಡಗಡೆಯ ಡಬ್ಬ

ನಮ್ಮ ಭಾವ ನಮ್ಮ ಮನೆಗೆ ಬಂದದ್ದು ಎರಡು ತಿಂಗಳಿಗೆ. ಹಾಗಂತ ಹೇಳಿದವರು ಅವರೇ. ಅವರು ಆಪರೇಟರ್ ಆಗಿದ್ದ ಟಾಕೀಸು ಮುಚ್ಚಿತು, ಬಾಡಿಗೆ ಮನೆ ಬಿಟ್ಟರು, ಅಕ್ಕನನ್ನೂ ಒಂದು ಟ್ರಂಕನ್ನೂ ಟಾಕೀಸಿನವರು ಒಯ್ಯಿ ಎಂದು ಬಿಟ್ಟುಕೊಟ್ಟ ಆರು ಸ್ಪೀಕರ್ ಡಬ್ಬಗಳನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು, "ಎರಡು ತಿಂಗಳು ಅಷ್ಟೇ ಅತ್ತೆ, ಇನ್ನೊಂದು ಕೆಲಸ ಸಿಗೋವರೆಗೆ" ಎಂದರು. ಆಗ ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಆಮೇಲೆ ನಾನು ಓದು ಮುಗಿಸಿದೆ, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯ ಮಾತು ಬಂದಾಗಲೆಲ್ಲ ಎದ್ದು ಹೋಗುವುದನ್ನು ಕಲಿತೆ, ತಲೆಯಲ್ಲಿ ಒಂದೆರಡು ಬೆಳ್ಳಿ ಎಳೆಯೂ ಕಾಣಿಸಿಕೊಂಡವು. ಭಾವನ ಎರಡು ತಿಂಗಳು ಮಾತ್ರ ಮುಗಿದಿರಲಿಲ್ಲ.

ಭಾವನನ್ನು ನೋಡಿದವರಿಗೆ ಮೊದಲು ಅನಿಸುವುದು, ಈ ಮನುಷ್ಯ ಮನೆಯಲ್ಲಿದ್ದಾನೋ ಇಲ್ಲವೋ ಎಂದು. ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಾರೆ. ಲೋಟ ಕೆಳಗಿಡುವಾಗ ಮೊದಲು ಅಂಚು ತಾಗಿಸಿ ಆಮೇಲೆ ತಳ ಊರುತ್ತಾರೆ. ಟಾಕೀಸಿನ ಮೇಲಿನ ಪುಟ್ಟ ಕೋಣೆಯಲ್ಲಿ ವರ್ಷಗಟ್ಟಲೆ ಒಬ್ಬರೇ ಕೂತು, ಕೆಳಗಿನ ಜನಕ್ಕೆ ಏನು ಕೇಳಿಸುತ್ತಿದೆ ಎಂದು ಯೋಚಿಸಿದವರು. ತಮ್ಮ ಸದ್ದೇ ಅವರಿಗೆ ಅಡ್ಡಿ. ಟಾಕೀಸು ಕೆಡವಿ ಅಲ್ಲಿ ಟೈಲ್ಸ್ ಅಂಗಡಿ ಬಂದರೂ ಬೀದಿಯವರ ಬಾಯಲ್ಲಿ ಅವರು 'ಆಪರೇಟರ್' ಆಗಿಯೇ ಉಳಿದರು. ಹಗಲು ಬಸ್ ನಿಲ್ದಾಣದ ಹಿಂದಿನ ಅಂಗಡಿಯೊಂದರಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ಕತ್ತಲಾಗುವ ಮೊದಲು ಮನೆಯಲ್ಲಿರಬೇಕು. ಅಪ್ಪನಿಗೆ ಸೌಂಡ್ ಹಾಕಿಕೊಡಬೇಕಲ್ಲ.

ನಮ್ಮಪ್ಪ ಲಾರಿ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ. ಲಾರಿ ಇನ್ನೂ ತಿರುವಿನಲ್ಲಿರುವಾಗಲೇ ಅದರ ರೋಗ ಹೇಳುತ್ತಾರೆ ಎಂದು ಹೆಸರು. ಅದೇನು ಬರೀ ಬೊಗಳೆಯಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, "ಒಳಗೆ ಬೇರಿಂಗ್ ಹೋಗಿದೆ, ಬಿಚ್ಚಿ" ಎನ್ನುವರು. ಬಿಚ್ಚಿದರೆ ಹೋಗಿರುತ್ತಿತ್ತು. ಆ ಕಿವಿಯೇ ಅವರ ಅನ್ನ, ಅವರ ಜಂಬ, ಅವರ ಬಾಯಿಜೋರು. ಇಂಜಿನ್ನುಗಳು ದಿನವೂ ಅದೇ ಕಿವಿಯನ್ನು ತಿನ್ನುತ್ತ ಬಂದಿವೆ ಎಂಬುದು ಆಗ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಭಾವ ಬಂದ ವಾರದಲ್ಲೇ ನಮ್ಮ ಮುಂದಿನ ಕೋಣೆ ಟಾಕೀಸಾಯಿತು. ಟಿವಿಯ ಅಕ್ಕಪಕ್ಕ ಒಂದೊಂದು ಡಬ್ಬ, ಮಧ್ಯೆ ಮಾತಿಗೆಂದು ಒಂದು ಉದ್ದನೆಯದು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗಿಗೆಂದು ಒಂದು ದಪ್ಪನೆಯದು. ಎಲ್ಲಕ್ಕೂ ಸೇರಿ ಒಂದು ಹಳೆಯ ಆಂಪ್ಲಿಫೈಯರ್; ಅದರ ಬೆನ್ನಲ್ಲಿ ಡಬ್ಬಕ್ಕೊಂದು ತೂತು, ಮುಖದಲ್ಲಿ ಡಬ್ಬಕ್ಕೊಂದು ನಾಬು. ಕಿಟಕಿಗೆ ದಪ್ಪ ಪರದೆ ಬಂತು. ವೈರುಗಳು ಗೋಡೆಯ ಬುಡದಲ್ಲಿ ಮೊಳೆ ಹೊಡೆಸಿಕೊಂಡು ಕೂತವು. ಎಲ್ಲ ಡಬ್ಬಗಳ ಸದ್ದೂ ಬಂದು ಕೂಡುವ ಜಾಗದಲ್ಲಿ ಅಪ್ಪನ ಕುರ್ಚಿ. ಅದರ ನಾಲ್ಕು ಕಾಲಿನ ಸುತ್ತ ಭಾವ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿದರು. ಅಂದಿನಿಂದ ವರ್ಷಗಟ್ಟಲೆ ಆ ಕುರ್ಚಿ ಜಾಗ ಬಿಟ್ಟು ಅಲುಗಲಿಲ್ಲ. ಮನುಷ್ಯರು ಮಾತ್ರ ಅಲುಗಿದರು. ಅದು ಆಮೇಲಿನ ಕಥೆ.

ಒಂದು ಸಂಜೆ ಅಪ್ಪ ಕುರ್ಚಿಯಲ್ಲಿ ಕೂತಿದ್ದವರು, "ಎಡಗಡೆ ಡಬ್ಬ ಯಾಕೋ ಸೊರಗಿದೆ, ಸ್ವಲ್ಪ ನೋಡು" ಎಂದರು. ಭಾವ ಎದ್ದು ಹೋಗಿ ಡಬ್ಬಕ್ಕೆ ಕಿವಿಯಿಟ್ಟರು. ಡಬ್ಬ ಗುಂಡುಕಲ್ಲಿನ ಹಾಗಿತ್ತು. ಅವರು ತಿರುಗಿ ಅಪ್ಪನ ಮುಖ ನೋಡಿದರು, ಆಮೇಲೆ ನಮ್ಮ ಮುಖ ನೋಡಿದರು. ನಾನೂ ಅಮ್ಮನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇತ್ತೀಚೆಗೆ ಎಡಗಡೆಯಿಂದ ಕರೆದರೆ ಅಪ್ಪ ತಿರುಗುತ್ತಿರಲಿಲ್ಲ. ಏನೋ ಯೋಚನೆಯಲ್ಲಿದ್ದಾರೆ ಎಂದುಕೊಂಡಿದ್ದೆವು. ಆ ಒಂದು ಗಳಿಗೆಯಲ್ಲಿ ಎಲ್ಲರಿಗೂ ಎಲ್ಲ ತಿಳಿಯಿತು. ಭಾವ ಆಂಪ್ಲಿಫೈಯರಿನ ಹಿಂದೆ ಬಗ್ಗಿ ಏನೋ ತಡಕಾಡಿದಂತೆ ಮಾಡಿ, ಎಡಗಡೆಯ ನಾಬನ್ನು ಒಂದಿಷ್ಟು ಏರಿಸಿ, "ವೈರ್ ಲೂಸ್ ಇತ್ತು ಮಾವ, ಸರಿ ಮಾಡಿದೆ" ಎಂದರು.

"ಅಳಿಯ ಅಂದ್ರೆ ಹೀಗಿರಬೇಕು" ಎಂದು ಅಪ್ಪ ಅಮ್ಮನಿಗೆ ಹೇಳಿದರು.

ಹೊಗಳಿಕೆ ಅನ್ನುವುದು ಕೆಟ್ಟದ್ದು. ನಮ್ಮ ಮನೆಯಲ್ಲಿ ಅಪ್ಪ ಯಾರನ್ನೂ ಹೊಗಳಿದವರಲ್ಲ. ಮಾವನ ಮನೆಯ ಅನ್ನ ಉಣ್ಣುತ್ತ ಕುಗ್ಗಿಹೋಗಿದ್ದ ಭಾವನಿಗೆ ಆ ಒಂದು ಮಾತು ಸಾಕಾಯಿತು, ಮುಂದಿನ ವರ್ಷಗಳಿಗೆಲ್ಲ ಸಾಕಾಯಿತು. ಕೆಲವು ತಿಂಗಳಾದ ಮೇಲೆ ಎಡಗಡೆ ಡಬ್ಬ ಮತ್ತೆ ಸೊರಗಿತು, ಭಾವ ಮತ್ತೆ ನಾಬು ಏರಿಸಿದರು. ನಾಬುಗಳ ಗುರುತು ಒಂದೊಂದು ಕಡೆ ನೋಡುತ್ತಿದ್ದರೆ ಅಪ್ಪನಿಗೆ ಗೊತ್ತಾದೀತೆಂದು, ನಾಬಿನ ಟೋಪಿಗಳನ್ನು ಕಿತ್ತು, ಎಲ್ಲದರ ಗೀಟೂ ನೆಟ್ಟಗೆ ಮೇಲೆ ನೋಡುವ ಹಾಗೆ ತಿರುಗಿಸಿ ಕೂರಿಸಿದರು. ನೋಡಿದವರಿಗೆ ಎಲ್ಲ ಡಬ್ಬವೂ ಸಮ. ಎಡದ ನಾಬು ಇನ್ನು ತಿರುಗದು ಎಂದಾದಾಗ ಎಡಗಡೆಯ ಡಬ್ಬಗಳನ್ನು ದಿನಕ್ಕೆ ಬೆರಳಗಲದಂತೆ ಕುರ್ಚಿಯ ಹತ್ತಿರಕ್ಕೆ ತಂದರು. ಅದೂ ಸಾಲದಾದಾಗ ಬಲಗಡೆಯ ಡಬ್ಬಗಳ ಜಾಲರಿಯ ಹಿಂದೆ ಟವೆಲ್ ಮಡಚಿ ತುರುಕಿದರು. ನಮ್ಮ ಮನೆಯಲ್ಲಿ ಟವೆಲ್ ಕಾಣೆಯಾದರೆ ಅಮ್ಮ ಹುಡುಕುವುದನ್ನು ಬಿಟ್ಟಳು.

ಇಷ್ಟಾದ ಮೇಲೆ ಕೋಣೆಯ ಎಡಭಾಗದಲ್ಲಿ ಮನುಷ್ಯರು ಕೂರುವ ಹಾಗಿರಲಿಲ್ಲ. ಎದೆಗೆ ಗುದ್ದಿದ ಹಾಗೆ ಸದ್ದು. ಅಮ್ಮನಿಗೆ ಎಡಗಡೆ ಕಿಟಕಿಯ ಕೆಳಗಿನ ಜಾಗವೆಂದರೆ ಪ್ರಾಣ, ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತು ತರಕಾರಿ ಹೆಚ್ಚಿದವಳು. ಅವಳು ಒಂದು ದಿನ ತನ್ನ ಸ್ಟೂಲು ಎತ್ತಿಕೊಂಡು ಬಲಗಡೆಗೆ, ಅಡುಗೆಮನೆಯ ಬಾಗಿಲಿಗೆ ಬಂದಳು. ಅಕ್ಕ ಬಂದಳು, ನಾನೂ ಬಂದೆ. ಬಲಗಡೆ ಕೂತರೆ ನಮ್ಮ ಮಾತೂ ಅಪ್ಪನಿಗೆ ಕೇಳಿಸುತ್ತಿತ್ತು. ಯಾರೂ ಯಾರಿಗೂ ಏನೂ ಹೇಳಲಿಲ್ಲ; ಕುಟುಂಬಕ್ಕೆ ಕುಟುಂಬವೇ ಒಂದು ಗೋಡೆಗೆ ಅಂಟಿಕೊಂಡಿತು. 'ಕಿವುಡನ ಮುಂದೆ ಶಂಖ ಊದಿದ ಹಾಗೆ' ಅನ್ನುವ ಗಾದೆಯನ್ನು ಅಮ್ಮ ಮೊದಲೆಲ್ಲ ದಿನಕ್ಕೊಮ್ಮೆಯಾದರೂ ಆಡುತ್ತಿದ್ದಳು. ಅದು ನಮ್ಮ ಮನೆಯಿಂದ ಹೇಳದೆ ಕೇಳದೆ ಹೊರಟುಹೋಯಿತು.

ಹೇಳಬಹುದಿತ್ತು. ಔಷಧಿ ಅಂಗಡಿಯಲ್ಲಿ ಕಿವಿಯ ಡಾಕ್ಟರರ ಚೀಟಿ ಹಿಡಿದು ಬರುವವರನ್ನು ದಿನವೂ ನೋಡುವವಳು ನಾನು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎದುರುಮನೆಯ ನಿವೃತ್ತ ಕಂಡಕ್ಟರ್ ಕಿವಿಗೆ ಮೆಷಿನ್ ಹಾಕಿಸಿಕೊಂಡಾಗ ಅಪ್ಪ, "ಟಿಕೆಟ್ ಟಿಕೆಟ್ ಅಂತ ಕೂಗಿ ಕೂಗಿ ತನ್ನ ಕಿವಿಯನ್ನೇ ತೂತು ಮಾಡ್ಕೊಂಡಿದ್ದಾನೆ" ಎಂದು ಒಂದು ವಾರ ನಕ್ಕಿದ್ದರು. ಗ್ಯಾರೇಜಿನಲ್ಲಿ ಅವರು ಯಾವಾಗ ಸ್ಕ್ರೂಡ್ರೈವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿಕೊಂಡರೋ ಯಾರೂ ಕಂಡಿಲ್ಲ. ಬಹುಶಃ ಅವರೂ ಕಂಡಿಲ್ಲ.

ಭಾವ ಹೀಗೆ ಸಿಕ್ಕಿಹಾಕಿಕೊಂಡರು. ಅವರಿಗೆ ಕೆಲಸ ಸಿಗಲಿಲ್ಲವೆಂದಲ್ಲ. ಒಮ್ಮೆ ಒಂದು ನಾಟಕದ ಕಂಪನಿಯವರು ಕರೆದರು, ಒಮ್ಮೆ ಹೊಸ ಟಾಕೀಸಿನವರು ಕರೆದರು. ಪ್ರತಿ ಸಲವೂ ಅವರು ನಾಬಿನ ಕಡೆ ನೋಡಿ, "ಮಾವನಿಗೆ ಸೌಂಡ್ ಯಾರು ಹಾಕಿಕೊಡ್ತಾರೆ" ಎಂದು ಸುಮ್ಮನಾದರು. ಬೇರೆ ಯಾರು ಮುಟ್ಟಿದರೂ ಗುಟ್ಟು ರಟ್ಟು. ಒಂದು ದಿನವಿಡೀ ಅವರು ಊರು ಬಿಟ್ಟದ್ದು ನಾನು ಕಾಣೆ; ಅವರ ಸ್ವಂತ ತಮ್ಮನ ಮದುವೆಯಿಂದಲೂ ಸಂಜೆಯ ಬಸ್ಸಿಗೆ ವಾಪಸಾಗಿದ್ದರು. ಬಂದ ಹೊಸದರಲ್ಲಿ ಅಪ್ಪ ಅವರನ್ನು 'ನೀವು' ಎನ್ನುತ್ತಿದ್ದರು, ಅದು ಯಾವಾಗಲೋ 'ನೀನು' ಆಯಿತು. ಊಟಕ್ಕೆ ಕೂತಾಗ ಮೊದಲು ಅವರಿಗೆ ಬಡಿಸುತ್ತಿದ್ದದ್ದು ಕೊನೆಗಾಯಿತು. ನೋಡಿ ನೋಡಿ ನನಗೇ ರೇಗುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಮನುಷ್ಯ ಎಷ್ಟು ವರ್ಷ ಅಂತ ಬಾಯಿ ಮುಚ್ಚಿಕೊಂಡಿರುತ್ತಾನೆ?

ಈ ಸಲ ಕರೆ ಬಂದದ್ದು ದೂರದ ಊರಿನ ಒಂದು ಸಭಾಂಗಣದಿಂದ. ಸೌಂಡ್ ನೋಡಿಕೊಳ್ಳುವ ಕೆಲಸ, ಇರಲು ಎರಡು ಕೋಣೆಯ ಮನೆ. ಸೋಮವಾರ ಬಂದು ಸೇರಬೇಕು, ಬರದಿದ್ದರೆ ಇನ್ನೊಬ್ಬರು ಸಾಲಿನಲ್ಲಿದ್ದಾರೆ ಎಂದು ಫೋನಿನಲ್ಲಿ ನೆಟ್ಟಗೆ ಹೇಳಿದರು. ಅಕ್ಕ ಅಂದೇ ಟ್ರಂಕು ಅಟ್ಟದಿಂದ ಇಳಿಸಿದಳು.

"ಈ ಸಲ ನೀವು ಬರದಿದ್ರೆ ನಾನೊಬ್ಬಳೇ ಹೋಗಿ ಆ ಮನೆಯಲ್ಲಿ ಇರ್ತೀನಿ. ಕೇಳಿದವರಿಗೆ ನನ್ನ ಗಂಡ ನಾಬು ತಿರುಗಿಸ್ತಿದ್ದಾರೆ ಅಂತ ಹೇಳ್ತೀನಿ" ಎಂದಳು. ಅಕ್ಕ ತಮಾಷೆ ಮಾಡುವವಳಲ್ಲ. ಭಾವ ಭಾನುವಾರದ ಬಸ್ಸಿಗೆ ಎರಡು ಟಿಕೆಟ್ ಮಾಡಿಸಿದರು.

ಅಪ್ಪ ಬೇಡವೆನ್ನಲಿಲ್ಲ. "ಹೋಗು, ಕಟ್ಟಿ ಹಾಕಿದವರು ಯಾರು?" ಎಂದರು. ಆಮೇಲೆ ಒಂದು ಪೊಟ್ಟಣ ತಂದು ಮುಂದಿಟ್ಟರು. ನಮ್ಮ ಹಳೆಯ ಡಿವಿಡಿ ಪ್ಲೇಯರ್ ಆ ತಿಂಗಳಷ್ಟೇ ಕಣ್ಣು ಮುಚ್ಚಿತ್ತು. ಅದನ್ನು ಕೇಳಿ ಲಾರಿ ಮಾಲೀಕರೊಬ್ಬರು, ಮೇಸ್ತ್ರಿ ತಮ್ಮ ಇಂಜಿನ್ ಉಳಿಸಿಕೊಟ್ಟ ಸಂತೋಷಕ್ಕೆ, ಹೊಸ ಡಿಜಿಟಲ್ ಮೀಡಿಯಾ ಪ್ಲೇಯರನ್ನು ಕೊಡುಗೆಯಾಗಿ ಕೊಟ್ಟಿದ್ದರು. ಸಾಬೂನಿನ ಡಬ್ಬಿಯಷ್ಟಿತ್ತು. "ಇದನ್ನ ನಮ್ಮ ಡಬ್ಬಗಳಿಗೆ ಜೋಡಿಸಿಕೊಟ್ಟು ಹೋಗು. ಅಷ್ಟೇ" ಎಂದರು ಅಪ್ಪ.

ಭಾವ ಅದರ ಬೆನ್ನು ತಿರುಗಿಸಿ ನೋಡಿದರು. ಟಿವಿಗೊಂದು ಚಪ್ಪಟೆ ಬಾಯಿ, ಪಕ್ಕದಲ್ಲಿ ಕೆಂಪಗೆ ಬೆಳಕು ಸೂಸುವ ಒಂದು ಚೌಕದ ತೂತು. ನಮ್ಮ ಆಂಪ್ಲಿಫೈಯರಿಗೆ ಬೇಕಾದ ದುಂಡು ಪಿನ್ನಿನ ಜಾಗ ಒಂದೂ ಇಲ್ಲ. "ಇದು ಸದ್ದನ್ನ ಬೆಳಕು ಮಾಡಿ ಕೊಡುತ್ತೆ. ನಮ್ಮದು ಹಳೇ ಕಾಲದ್ದು, ಅದಕ್ಕೆ ಕರೆಂಟೇ ಬೇಕು. ಮಧ್ಯೆ ಒಬ್ಬ ದುಭಾಷಿ ಬೇಕು" ಎಂದು ನನಗೆ ವಿವರಿಸಿದರು. ದುಭಾಷಿಯೆಂದರೆ ಡಿಕೋಡರ್ ಎಂಬ ಪುಟ್ಟ ಪೆಟ್ಟಿಗೆ: ಒಂದು ಕಡೆಯಿಂದ ಬೆಳಕಿನ ವೈರ್ ಒಳಗೆ, ಇನ್ನೊಂದು ಕಡೆಯಿಂದ ಡಬ್ಬಕ್ಕೊಂದರಂತೆ ಆರು ವೈರ್ ಹೊರಗೆ. ತಂದು ಜೋಡಿಸಿದರು. ಮೊದಲು ಮುಂದಿನ ಎರಡು ಡಬ್ಬಗಳು ಮಾತ್ರ ಮಾತಾಡಿದವು. ಪ್ಲೇಯರಿನ ಸೆಟ್ಟಿಂಗ್‌ನಲ್ಲಿ ಸದ್ದನ್ನು ಎರಡಾಗಿ ಕುಗ್ಗಿಸಿ ಕಳಿಸು ಎಂದಿತ್ತಂತೆ, ಅದನ್ನು ಬದಲಾಯಿಸಿದ ಮೇಲೆ ಆರೂ ಎದ್ದವು. ಭಾವನ ಮುಖದಲ್ಲಿ ನಗು ಕಂಡು ಎಷ್ಟೋ ಕಾಲವಾಗಿತ್ತು. ಭಾನುವಾರಕ್ಕೆ ಇನ್ನೂ ಬೇಕಾದಷ್ಟು ದಿನಗಳಿದ್ದವು.

ಉದ್ಘಾಟನೆಗೆಂದು ಅಪ್ಪ ಲಾರಿ ಮಾಲೀಕರನ್ನೂ ಪಕ್ಕದ ಟೈರ್ ಅಂಗಡಿಯವನನ್ನೂ ಕರೆದರು. ಹೊಸ ಪ್ಲೇಯರಿನಲ್ಲಿ ಒಂದು ಪರೀಕ್ಷೆಯಿತ್ತು, ಅದು ಭಾವನಿಗೆ ಗೊತ್ತಿರಲಿಲ್ಲ. ಮಾಲೀಕರು ರಿಮೋಟು ಒತ್ತುತ್ತ ಹೋಗಿ ಅದನ್ನು ಹುಡುಕಿಬಿಟ್ಟರು. ಟಿವಿಯಲ್ಲಿ ಒಂದು ಕೋಣೆಯ ಚಿತ್ರ, ಅದರಲ್ಲಿ ನಮ್ಮಂಥವೇ ಡಬ್ಬಗಳು. ಒಂದೊಂದು ಡಬ್ಬ ಬೆಳಗುತ್ತಿದ್ದ ಹಾಗೆ ಕೋಣೆಯ ಅದೇ ಡಬ್ಬದಿಂದ ಬುಸ್ ಎಂದು ಸದ್ದು. ಭಾವ ರಿಮೋಟಿಗೆ ಕೈಚಾಚಿದರು, ತಡವಾಗಿತ್ತು. ಚಿತ್ರದಲ್ಲಿ ಎಡಗಡೆಯ ಡಬ್ಬ ಬೆಳಗಿತು, ಎಡಗಡೆಯೇ ಬುಸ್ಸೆಂದಿತು, ಅಪ್ಪ ಬಲಗಡೆಗೆ ತಿರುಗಿ ನೋಡಿದರು. ಹಿಂದಿನ ಎಡ ಬೆಳಗಿತು. ಅಪ್ಪ ಮತ್ತೆ ಬಲಗಡೆಗೇ ತಿರುಗಿದರು.

"ಏನಿದು, ಎಲ್ಲ ಬಲಗಡೆಯಿಂದಲೇ ಬರ್ತಿದೆ?" ಎಂದರು. "ಎಡ ಬಲ ಅದಲು ಬದಲು ಮಾಡಿದ್ದೀಯಾ?"

"ಇಲ್ಲ ಮೇಸ್ತ್ರಿ, ನನಗೆ ಸರಿಯಾಗೇ" ಎಂದು ಟೈರ್ ಅಂಗಡಿಯವನು ಬಾಯಿ ತೆಗೆದ. ಅಮ್ಮ ಅವನ ಕೈಗೆ ಬಿಸಿ ಟೀ ಲೋಟ ತುರುಕಿದಳು. ಅವನು ಅಮ್ಮನ ಮುಖ ನೋಡಿ ಟೀ ಕುಡಿದ.

"ಒಂದು ವೈರ್ ನೆಟ್ಟಗೆ ಹಾಕೋಕೆ ಬರಲ್ಲ, ಸಭಾಂಗಣ ನೋಡ್ಕೊಳ್ತಾನಂತೆ" ಎಂದು ಅಪ್ಪ ಇಬ್ಬರು ಹೊರಗಿನವರ ಎದುರಿಗೆ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಭಾವ ತಲೆತಗ್ಗಿಸಿ ವೈರು ನೋಡುತ್ತ ನಿಂತರು. ನನ್ನ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಹೊರಗಿನವರು ಹೋದ ಮೇಲೆ ಅಪ್ಪ ತೀರ್ಪು ಕೊಟ್ಟರು: "ಇದು ಸರಿಯಾಗೋವರೆಗೂ ನೀನು ಎಲ್ಲಿಗೂ ಹೋಗಂಗಿಲ್ಲ. ಕೆಟ್ಟಿದ್ದನ್ನ ಅರ್ಧಕ್ಕೆ ಬಿಟ್ಟು ಹೋಗೋನು ಕೆಲಸಗಾರನೂ ಅಲ್ಲ, ಅಳಿಯನೂ ಅಲ್ಲ."

ರೋಗ ಹುಡುಕುವ ದಾರಿಯನ್ನೂ ಅವರೇ ಹೇಳಿಕೊಟ್ಟರು. ಅದು ಅವರು ಗ್ಯಾರೇಜಿನಲ್ಲಿ ಎಲ್ಲರಿಗೂ ಕಲಿಸುವ ಸೂತ್ರ. "ಒಂದೊಂದೇ ಸಾಮಾನು ಬದಲಾಯಿಸಿ ನೋಡು. ಯಾವುದನ್ನ ತಿರುಗಿಸಿದಾಗ ರೋಗವೂ ಅದರ ಜೊತೆ ತಿರುಗುತ್ತೋ, ಕೆಟ್ಟಿರೋದು ಅದೇ."

ಆ ವಾರ ಭಾವ ಅಂಗಡಿಗೆ ಹೋಗಲಿಲ್ಲ. ಎಡದ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. ಸದ್ದು ಬಲಗಡೆಯಿಂದಲೇ ಬಂತು ಎಂದರು ಅಪ್ಪ. ಡಬ್ಬಗಳನ್ನೇ ಹೊತ್ತು ಆ ಮೂಲೆಯಿಂದ ಈ ಮೂಲೆಗೆ ಇಟ್ಟರು, ಬಲಗಡೆಯಿಂದಲೇ. ಡಿಕೋಡರ್ ಕೊಂಡ ಅಂಗಡಿಯಿಂದ ಇನ್ನೊಂದನ್ನು ಎರವಲು ತಂದರು, ಬಲಗಡೆಯಿಂದಲೇ. ಪರೀಕ್ಷೆಯ ಆ ಬುಸ್ ಸದ್ದು ಬೆಳಗಿನಿಂದ ಸಂಜೆಯವರೆಗೆ ಮನೆ ತುಂಬ ಹಾವು ಬಿಟ್ಟ ಹಾಗೆ ಕೇಳುತ್ತಿತ್ತು. ಪರದೆ ಹಾಕಿದ ಕಿಟಕಿ, ಮುಚ್ಚಿದ ಬಾಗಿಲು, ನಡುವೆ ಕುರ್ಚಿಯಲ್ಲಿ ಅಪ್ಪ, ಅವರ ಸುತ್ತ ವೈರ್ ಹಿಡಿದು ಮಂಡಿಯ ಮೇಲೆ ಸುತ್ತುವ ಭಾವ. ಗಾಣಕ್ಕೆ ಕಟ್ಟಿದ ಎತ್ತೂ ನಡುವೆ ಒಂದಿಷ್ಟು ಹೊತ್ತು ನಿಲ್ಲುತ್ತದೆ. ತಪ್ಪು ಎಲ್ಲಿದೆಯೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದೂ ಹುಡುಕುತ್ತಿದ್ದರು.

ಶನಿವಾರ ಅಪ್ಪ ಗ್ಯಾರೇಜಿಗೆ ಹೋದಾಗ ನಾವು ಅಡುಗೆಮನೆಯಲ್ಲಿ ಸೇರಿದೆವು. ಅಕ್ಕ, "ಹೇಳಿಬಿಡಿ. ಆಕಾಶ ಏನೂ ಕಳಚಿ ಬೀಳಲ್ಲ" ಎಂದಳು.

"ಬೀಳುತ್ತೆ" ಎಂದಳು ಅಮ್ಮ. "ಮೇಸ್ತ್ರಿಗೆ ಕಿವಿ ಹೋಗಿದೆ ಅಂತ ಗೊತ್ತಾದ್ರೆ ನಾಳೆಯಿಂದ ಗ್ಯಾರೇಜಿಗೆ ಯಾರು ಗಾಡಿ ತರ್ತಾರೆ? ಆ ಮನುಷ್ಯ ಮನೆಯಲ್ಲಿ ಕೂತ್ರೆ ಬದುಕ್ತಾರಾ? ಅಳಿಯಂದಿರೇ, ಇಷ್ಟು ವರ್ಷ ಕಾಪಾಡಿದ್ದೀರಿ, ಇನ್ನೊಂದಿಷ್ಟು ದಿನ." ಹೇಳುವಾಗ ಅವಳಿಗೂ ನಾಚಿಕೆಯಾಯಿತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಭಾವ ನನ್ನ ಕಡೆ ನೋಡಿದರು. ನನ್ನ ಬಾಯಿ ಬೀದಿಗೆಲ್ಲ ಗೊತ್ತು. ಅಂಗಡಿಯಲ್ಲಿ ಗಿರಾಕಿಗಳು ನನಗೆ ಹೆದರುತ್ತಾರೆ. ನಾನು ಒಲೆಯ ಮೇಲಿನ ಹಾಲು ನೋಡುತ್ತ ನಿಂತೆ. ಹೇಳಿದರೆ ಅಪ್ಪನನ್ನು ಮುರಿದಂತೆ, ಹೇಳದಿದ್ದರೆ ಭಾವನನ್ನು ಹೂತಂತೆ. ಹಾಲು ಉಕ್ಕಿತು, ಆ ಗಡಿಬಿಡಿಯಲ್ಲಿ ಮಾತು ಮುರಿಯಿತು. ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ಹೇಳಲು ಈಗ ಬೇಸರ.

ಭಾನುವಾರ ಬೆಳಿಗ್ಗೆ ಅಪ್ಪ ಟೀ ಕುಡಿದು ಕುರ್ಚಿಯಲ್ಲಿ ಕೂತರು. ಅಕ್ಕ ಟ್ರಂಕನ್ನು ಬಾಗಿಲ ಬಳಿ ತಂದಿಟ್ಟು ಅದರ ಮೇಲೆಯೇ ಕೂತಿದ್ದಳು. ಬಸ್ಸು ಮಧ್ಯಾಹ್ನಕ್ಕೆ.

"ಸರಿಯಾಯ್ತಾ?" ಎಂದರು ಅಪ್ಪ.

ಭಾವ ಬಲಗಡೆ ಬಂದು ನಿಂತರು. "ವೈರ್ ಬದಲಾಯಿಸಿದೆ, ಡಬ್ಬ ಬದಲಾಯಿಸಿದೆ, ಡಿಕೋಡರ್ ಬದಲಾಯಿಸಿದೆ ಮಾವ. ರೋಗ ತಿರುಗಲಿಲ್ಲ. ಇನ್ನು ಬದಲಾಯಿಸದೆ ಉಳಿದಿರೋದು ಒಂದೇ."

"ಯಾವುದು?"

"ಕುರ್ಚಿ."

ಅಪ್ಪ ಅವರನ್ನು ನೋಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಭಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಪ್ಪ ಎದ್ದು, ತಾವೇ ಕುರ್ಚಿಯನ್ನು ಎತ್ತಿ, ಬಣ್ಣದ ಗುರುತಿನಿಂದ ಬಿಡಿಸಿ, ಟಿವಿಗೆ ಬೆನ್ನು ಮಾಡಿ ಇಟ್ಟು ಕೂತರು. "ಹಾಕು" ಎಂದರು.

ಭಾವ ಪರೀಕ್ಷೆ ಹಾಕಿದರು. ಒಂದೊಂದಾಗಿ ಡಬ್ಬಗಳು ಬುಸ್ಸೆಂದವು. ಈಗ ಅಪ್ಪನ ಬಲಗಡೆಗೆ ಕಿಟಕಿ, ಎಡಗಡೆಗೆ ಅಡುಗೆಮನೆ. ಅಪ್ಪನ ತಲೆ ಪ್ರತಿ ಸದ್ದಿಗೂ ಕಿಟಕಿಯ ಕಡೆಗೆ ಹೊರಳಿತು. ಅಡುಗೆಮನೆಯ ಪಕ್ಕದ ಡಬ್ಬ ಕೂಗಿದಾಗಲೂ ಕಿಟಕಿಯ ಕಡೆಗೇ ಹೊರಳಿತು. ಒಂದು ಸುತ್ತು ಮುಗಿದು ಎರಡನೇ ಸುತ್ತು ಶುರುವಾದಾಗ ಅವರು ಕೈ ಎತ್ತಿ ನಿಲ್ಲಿಸು ಎಂದರು. ರೋಗ ಕುರ್ಚಿಯ ಜೊತೆ ತಿರುಗಿತ್ತು. ಕುರ್ಚಿಯೇನೂ ಕೇಳುವುದಿಲ್ಲವಲ್ಲ.

ಅಪ್ಪ ಎದ್ದು ಆಂಪ್ಲಿಫೈಯರಿನ ಹತ್ತಿರ ಹೋಗಿ, ನೆಟ್ಟಗೆ ನಿಂತಿದ್ದ ನಾಬುಗಳನ್ನು ಬೆರಳಿನಿಂದ ಸವರಿ, "ಇದೆಲ್ಲ ಸಮ ಇದೆಯಲ್ಲ" ಎಂದರು. ಭಾವ ಟೋಪಿಗಳನ್ನು ಒಂದೊಂದಾಗಿ ಕಿತ್ತು ಅಪ್ಪನ ಅಂಗೈಗೆ ಹಾಕಿದರು. ಒಳಗಿನ ಕಡ್ಡಿಗಳು ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ನಲವತ್ತು ವರ್ಷ ಇಂಜಿನ್ ಬಿಚ್ಚಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗಿನಿಂದ?" ಎಂದರು.

"ನಾವು ಬಂದ ಮುಂದಿನ ವರ್ಷದಿಂದ ಮಾವ."

ಅಪ್ಪ ಟೋಪಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆಗೆ ಜೋರಾಗಿ, "ಸರಿಯಾಯ್ತು ಕಣೇ. ವೈರ್ ಲೂಸ್ ಇತ್ತು. ಇವರಿಗೆ ಊಟ ಬಡಿಸು, ಬಸ್ಸಿಗೆ ಹೊತ್ತಾಗುತ್ತೆ" ಎಂದರು. ಅವತ್ತು ಭಾವನಿಗೆ ಮೊದಲು ಬಡಿಸಿದಳು ಅಮ್ಮ.

ಮಧ್ಯಾಹ್ನ ಆಟೋ ಬಂತು. ಬೀಳ್ಕೊಡಲು ಟೈರ್ ಅಂಗಡಿಯವನೂ ಬಂದು ಟ್ರಂಕಿಗೆ ಕೈಹಾಕಿದ. ಅಕ್ಕ ಒಳಗೆ ಕೂತಾಯಿತು. ಗಡಿಬಿಡಿಯಲ್ಲಿ ಭಾವ ಅಪ್ಪನ ಎಡಗಡೆ ನಿಂತು, ಅವರದೇ ಮೆಲುದನಿಯಲ್ಲಿ, "ಬರ್ತೀನಿ ಮಾವ" ಎಂದರು. ಅಪ್ಪ ಬೀದಿಯ ಕಡೆ ನೋಡುತ್ತಲೇ ಇದ್ದರು. ಅಭ್ಯಾಸಬಲ, ನಾನು ಅಪ್ಪನ ತೋಳು ಮುಟ್ಟಿ ತಿರುಗಿಸಲು ಮುಂದೆ ಬಂದೆ. ಅಷ್ಟರಲ್ಲಿ ಅವರಿಗೆ ಪಕ್ಕದಲ್ಲಿ ಯಾರೋ ಇದ್ದಾರೆಂದು ಕಂಡಿತು. ಅವರು ಭಾವನನ್ನು ಸುತ್ತುಹಾಕಿಕೊಂಡು ಬಂದು, ತಮ್ಮ ಬಲಗಿವಿ ಅವರ ಕಡೆಗಾಗುವಂತೆ ನಿಂತರು.

"ಈಗ ಹೇಳು. ಆ ಕಡೆ ನನಗೆ ಕೇಳಲ್ಲ" ಎಂದರು. ಬೀದಿಗೆಲ್ಲ ಕೇಳುವ ಹಾಗೆ.

ಭಾವ ಇನ್ನೊಮ್ಮೆ ಹೇಳಿದರು. ಅಪ್ಪ ತಲೆಯಾಡಿಸಿ ಆಟೋದ ಮೇಲ್ಚಾವಣಿಗೆ ಎರಡು ಸಲ ತಟ್ಟಿದರು. ಟೈರ್ ಅಂಗಡಿಯವನು ಅತ್ತ ಇತ್ತ ನೋಡಿ, "ಇರಲಿ ಬಿಡಿ ಮೇಸ್ತ್ರಿ, ಈ ಬೀದಿಯ ಗಾಡಿಗಳಿಗೆ ಒಂದು ಕಿವಿ ಧಾರಾಳ" ಎಂದ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ.

ಸಂಜೆಯಾದಾಗ ಅಪ್ಪ ಎಂದಿನಂತೆ ಮುಂದಿನ ಕೋಣೆಗೆ ಬಂದರು. ನಾಬು ತಿರುಗಿಸುವವರಿಲ್ಲ. ನನ್ನನ್ನು ಕರೆದು, "ಎಲ್ಲ ಸಮ ಮಾಡು" ಎಂದರು. ನಾನು ಕಡ್ಡಿಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದೆ, ಬಲಗಡೆಯ ಡಬ್ಬಗಳಿಂದ ಟವೆಲ್ ಎಳೆದು ತೆಗೆದೆ. ಅಮ್ಮನ ಕಳೆದುಹೋದ ಟವೆಲುಗಳೆಲ್ಲ ಧೂಳು ಕುಡಿದು ಹೊರಬಂದವು. ಅಮ್ಮ ಅವುಗಳನ್ನು ನೋಡಿದಳು. ಆಮೇಲೆ ಸ್ಟೂಲು ಎತ್ತಿಕೊಂಡು ಕೋಣೆ ದಾಟಿ ಹೋಗಿ, ಪರದೆ ಸರಿಸಿ, ಎಡಗಡೆ ಕಿಟಕಿಯ ಕೆಳಗೆ ತನ್ನ ಹಳೆಯ ಜಾಗದಲ್ಲಿ ಕೂತಳು.

ಅಪ್ಪ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. "ಇಷ್ಟು ವರ್ಷ ನಿನಗೆ ಜೋರಾಗ್ತಿತ್ತಾ?" ಎಂದರು.

"ಅಯ್ಯೋ, ಜೋರೇನು ಬಂತು. ಅಲ್ಲಿ ಅಡುಗೆಮನೆ ಹತ್ತಿರ ಅಂತ ಕೂತಿದ್ದೆ" ಎಂದಳು ಅಮ್ಮ.

ಇದನ್ನು ಹೀಗೇ ಬಿಟ್ಟರೆ ನಾಳೆಯಿಂದ ನಾಬಿನ ಮುಂದೆ ಕೂರುವವಳು ನಾನೇ ಎಂದು ನನಗೆ ಗೊತ್ತಾಯಿತು. "ಜೋರಾಗ್ತಿತ್ತು ಅಪ್ಪ" ಎಂದೆ. "ಅಮ್ಮನಿಗೂ, ನನಗೂ, ಅಕ್ಕನಿಗೂ. ಭಾವನಿಗೆ ಎಲ್ಲರಿಗಿಂತ ಜಾಸ್ತಿ."

ಅಪ್ಪ ಜೇಬಿನಿಂದ ಟೋಪಿಗಳನ್ನು ತೆಗೆದು ಅಂಗೈಯಲ್ಲಿ ಆಡಿಸುತ್ತ ಕೂತರು. ಹೊರಗೆ ಒಂದು ಲಾರಿ ಕೆಮ್ಮುತ್ತ ತಿರುವು ದಾಟಿತು. ಅವರು ಅದರ ರೋಗ ಹೇಳಲಿಲ್ಲ.

"ಎರಡು ತಿಂಗಳಿಗೆ ಅಂತ ಬಂದಿದ್ದ ಅವನು" ಎಂದರು. ಅವತ್ತು ಟಿವಿ ಹಾಕಲಿಲ್ಲ.